ಇನ್ನೂ ಇಲ್ಲ

ಮೌನಾಬೋದ ಕಡಲಂಚಿಗೆ, ಕಾಂಡ್ಲಾ ಬೇರುಗಳ ಹಿಂದೆ,
ಎನೇಯ್ಡಾ ಕೊಟ್ಟೋ ತಗಡು ಹೊಡೆದು ಕಟ್ಟಿದ ದೊಡ್ಡಿ.
ಒಳಗೆ ಮುನ್ನೂರು ನೆಲದೇಡಿ
ಒಂದರ ಮೇಲೊಂದು, ಅಡ್ಡಡ್ಡ,
ಮಳೆಗೆ ಬಸ್ ನಿಲ್ದಾಣ ಹೊಕ್ಕವರ ಹಾಗೆ.
ಮುಸುಕಿನ ಜೋಳ ಎರಚುತ್ತಾಳೆ, ಬಿದ್ದ ಮಾವು, ಕೊಬ್ಬರಿ ಚೂರು.
"ಕೆಸರಿನ ವಾಸನೆ ಹೋಗಬೇಕು. ಹದಿನೈದು ದಿನ.
ಆಮೇಲೆ ಅನ್ನದ ಜೊತೆ."

ನಾನು ಬಂದದ್ದು ಎಣಿಸಲು.
ಕೈಯಲ್ಲಿ ಕ್ಯಾಲಿಪರ್, ಚೀಲದಲ್ಲಿ ಗುರುತಿನ ಕೈಪಿಡಿ.
ಅದರ ಪುಟ ಪುಟಕ್ಕೂ ಎರಡೇ ಬಾಗಿಲು:
ಚಿಪ್ಪಿನ ಪಕ್ಕೆ ಉಬ್ಬಿದೆಯೇ? ಹೌದಾದರೆ ಏಳಕ್ಕೆ ಹೋಗಿ,
ಇಲ್ಲವಾದರೆ ಒಂಬತ್ತಕ್ಕೆ.
ಅಂಚಿನ ಗೆರೆ ಚೂಪೇ? ಕಣ್ಣೆರಡರ ನಡುವಿನ ಜಾಗ
ಅಗಲದ ಎಷ್ಟನೇ ಪಾಲು?

ಮೊದಲ ವಾರವೇ ಮೂರು ಜಾತಿ ಬರೆದೆ.
ಕಂದು ಪುಟಾಣಿ, ಕಾಲು ಕಿತ್ತಳೆ,
ಪಕ್ಕೆಯ ಗೆರೆ ಹೊಸ ನಾಣ್ಯದ ಅಂಚು.
ಆಮೇಲೆ, ನೇರಳೆಹಣ್ಣು ತಿಂದ ನಾಲಿಗೆಯಂಥ ಬಣ್ಣದ್ದು.
ಕೊನೆಗೆ ಬೂದುನೀಲಿ ಧಡಿಯ:
ಕೆನ್ನೆ ಉಬ್ಬಿ ಗೆರೆ ಮಾಯ,
ಒಂದು ಇಕ್ಕಳ ಮಾತ್ರ ಬೆಳೆದೂ ಬೆಳೆದೂ
ಮೈಯೇ ಅದರ ಬಾಲಂಗೋಚಿ.
ಬಣ್ಣದ ಪೆನ್ಸಿಲ್ಲಿನಲ್ಲಿ ಕೋಷ್ಟಕ ಗೀಚಿದ್ದೆ.
ಚೆನ್ನಾಗಿತ್ತು.

ಎನೇಯ್ಡಾ ನೋಡಿದಳು. ನಗಲಿಲ್ಲ; ನಕ್ಕಿದ್ದರೆ ಸುಲಭವಿತ್ತು.
ಒಂದೊಂದರ ಮೇಲೂ ಬೆರಳಿಟ್ಟು,
"ಇದು ಕೂಸು.
ಇದು ಅದೇ, ಮೀಸೆ ಚಿಗುರುವ ವಯಸ್ಸು.
ಇದು ಅದೇ, ಅಜ್ಜ."
ಮತ್ತೆ ಈ ಬಿಳಿಚಿಕೊಂಡದ್ದು?
"ಅಜ್ಜಿ. ಆದರೆ ಅಜ್ಜಿಯರೆಲ್ಲ ಬಿಳಿಚುವುದಿಲ್ಲ."
ಹೇಗೆ ಗೊತ್ತು ಎಂದೆ.
"ಹಿಡಿದು ನೋಡು."
ಹಿಡಿದೆ.
ಹೆಬ್ಬೆರಳ ಉಗುರು ಇವತ್ತಿಗೂ ಸೊಟ್ಟ ಬೆಳೆಯುತ್ತದೆ.

ಊರಿನ ಸಂಗ್ರಹಾಲಯದ ಕಪಾಟಿನಲ್ಲಿ ಒಂದು ಸಾಲು ಸೀಸೆ.
ಯಾರೋ ಹಿಂದಿನವರು ನನ್ನ ಹಾಗೇ ಅವಸರಪಟ್ಟು
ಕೂಸಿಗೊಂದು ಹೆಸರು, ಅಜ್ಜನಿಗೊಂದು ಇಟ್ಟಿದ್ದಾರೆ.
ಸ್ಪಿರಿಟ್ಟು ಬಣ್ಣವನ್ನೆಲ್ಲ ಕುಡಿದು
ಎಲ್ಲರನ್ನೂ ಒಂದೇ ಮಾಸಲು ಮಾಡಿದೆ.
ಚೀಟಿಗಳು ಮಾತ್ರ ಇನ್ನೂ ಜಗಳಾಡುತ್ತಿವೆ.

"ಬರೆಯಬೇಡ, ಕಾಯಿ" ಎಂದು
ಬಕೆಟ್ಟಿನಲ್ಲಿ ಹಸಿಮಣ್ಣು, ಒಂದು ಕಂದು ಮರಿ, ಮೇಲೆ ಹಲಗೆ,
ಹಲಗೆಗೊಂದು ಇಟ್ಟಿಗೆ.
ಮೂವತ್ತೊಂದು ಮಿಲಿಮೀಟರ್.
ಅದು ಮಣ್ಣೊಳಗೆ ಬಾಗಿಲು ಹಾಕಿಕೊಂಡಿತು.
ಎಷ್ಟೋ ದಿನದ ಮೇಲೆ ಮೆತ್ತಗೆ, ಒದ್ದೆ ಕಾಗದದ ಹಾಗೆ ಹೊರಬಂದಾಗ
ಪಕ್ಕದಲ್ಲೇ ಅದರ ಖಾಲಿ ಅಂಗಿ,
ಕಣ್ಣಿನ ಪೊರೆ, ಕಾಲಿನ ರೋಮ,
ಬಾಯ ಬಳಿಯ ಸಣ್ಣ ಗೀರು ಕೂಡ ಬಿಡದೆ.
ಮೂವತ್ತಾರು.
ಈಗಲೂ ಕಂದೇ. ಹೆಗಲ ಹತ್ತಿರ ಮಾತ್ರ
ಎಳ್ಳುಕಾಳಿನಷ್ಟು ನೇರಳೆ. ಅಥವಾ ನೆರಳು.

ಮರುದಿನ ಅಂಗಿ ಅರ್ಧವಾಗಿತ್ತು.
ತಿನ್ನುತ್ತಿತ್ತು, ಆತುರವಿಲ್ಲದೆ,
ತಾನು ಯಾರಾಗಿದ್ದೆ ಎಂಬುದನ್ನು.

ಕೈಪಿಡಿ ತೆರೆದೆ.
ಚಿಪ್ಪಿನ ಪಕ್ಕೆ ಉಬ್ಬಿದೆಯೇ?
ಇನ್ನೂ ಇಲ್ಲ.
ಅಂಚಿನ ಗೆರೆ ಅಳಿಸಿದೆಯೇ?
ಇನ್ನೂ ಇಲ್ಲ.
ಇನ್ನೂ ಇಲ್ಲ ಎಂಬುದಕ್ಕೆ ಹೋಗುವ ಪುಟ
ಆ ಪುಸ್ತಕದಲ್ಲಿಲ್ಲ.

ಕಲ್ಲುಗುಡ್ಡದ ಕಡೆ ಬೇರೆಯೇ ಜಾತಿಯೊಂದುಂಟು,
ಕಪ್ಪು ಬೆನ್ನು, ಕೆಂಪು ಕಾಲು. ಅದರ ಮರಿಯೂ ಕಂದಂತೆ.
ಹಾಗಾದರೆ ಇದು, ಎಂದೆ, ಬಕೆಟ್ಟು ತೋರಿಸಿ.
ಮುನ್ನೂರನ್ನೂ ಹೆಸರಿಡಿದು ಕರೆಯಬಲ್ಲವಳು
ಬಗ್ಗಿದಳು, ತುಂಬ ಹೊತ್ತು ನೋಡಿದಳು,
ಮಂಡಿಯ ಮಣ್ಣು ಕೊಡವಿ ಎದ್ದಳು.
"ದೊಡ್ಡದಾಗಲಿ."

ಜುಲೈ ಹುಣ್ಣಿಮೆಗೆ ಮೊಟ್ಟೆ ಹೊತ್ತ ಹೆಣ್ಣುಗಳು
ಡಾಂಬರು ದಾಟಿ ಕಡಲಿಗಿಳಿದ ರಾತ್ರಿ
ನಮ್ಮ ಇಟ್ಟಿಗೆಯೂ ಸರಿದಿತ್ತು.
ಬಕೆಟ್ಟಿನ ಗೋಡೆಗೆ ಮಣ್ಣಿನ ಎಂಟು ಗೀರು.
ನನ್ನ ಸಾಲಿನಲ್ಲಿ ಎರಡು ಅಳತೆ,
ಹೆಸರಿನ ಕಡೆ ಪೆನ್ಸಿಲ್ಲಿನ ಚುಕ್ಕೆ.

ಬೆಳಗ್ಗೆ ಎನೇಯ್ಡಾ ಜೋಳ ಎರಚುತ್ತಿದ್ದಳು.
ದೊಡ್ಡಿಯ ಒಳಗೆ, ಯಥಾಪ್ರಕಾರ.
ಆಮೇಲೆ, ನಾನು ನೋಡುತ್ತಿಲ್ಲ ಎಂದುಕೊಂಡು,
ಒಂದು ಹಿಡಿ ಹೊರಗೂ.